ಅಟ್ಟದ ಮೇಲಿನ ಕ್ಯಾಸೆಟ್ಟುಗಳು ಮತ್ತು ಒಂದೇ ಹಾಡಿನ ಗಾಯಕರು

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಅಟ್ಟದಲ್ಲಿ, ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ 14 ಕ್ಯಾಸೆಟ್ಟುಗಳು ಸಿಕ್ಕಿವೆ. ತೊಂಬತ್ತರ ದಶಕದಲ್ಲಿ ನಾನೂ ನನ್ನ ತಮ್ಮನೂ ಕಾಲೇಜು ಓದುತ್ತಿದ್ದಾಗ ಶಿವಮೊಗ್ಗದಲ್ಲಿ ಹಾಡು ತುಂಬಿಸಿಕೊಂಡು ತಂದವು. ಬಾಬಾ ಸೆಹಗಲ್, ಅಲಿಶಾ, ಮಕರೇನಾ ಹೀಗೆ ಒಬ್ಬೊಬ್ಬರದು ಒಂದೊಂದೇ ಹಾಡು. ಇವರೆಲ್ಲ ಆಮೇಲೆ ಎಲ್ಲಿ ಹೋದರು? ಒಂದೇ ಹಾಡಿಗೆ ಇವರ ಸರಕು ಮುಗಿಯಿತೆ? ನಮ್ಮ ಶಿವಮೊಗ್ಗ ಸುಬ್ಬಣ್ಣನವರೂ ಒಂದೇ ಹಾಡಿನವರು ಎಂದು ಮಗ ವಾದಿಸುತ್ತಾನೆ, ಅದು ಸರಿಯೆ? ‘ಮಕರೇನಾ’ ನಮ್ಮಲ್ಲಿ ಎರಡು ಕ್ಯಾಸೆಟ್ಟಿನಲ್ಲಿದೆ, ಎರಡೂ ಬೇರೆ ಬೇರೆ ಕೇಳಿಸುತ್ತಿದ್ದ ನೆನಪು. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ, ಹಾಕಿ ಕೇಳಬಹುದೆ?

ಉತ್ತರ: ಮೊದಲಿಗೆ ಒಂದು ವಿನಂತಿ. ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಈ ಉತ್ತರ ಪೂರ್ತಿ ಓದುವ ತನಕ ಟೇಪ್ ರೆಕಾರ್ಡರಿಗೆ ಹಾಕಬೇಡಿ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಈಗ ‘ಒಂದೇ ಹಾಡಿನವರು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ಮಾತು ಹುಟ್ಟಿದ್ದು ಪಟ್ಟಿಗಳಿರುವ ದೇಶಗಳಲ್ಲಿ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರಕ್ಕೊಮ್ಮೆ ನೂರು ಜನಪ್ರಿಯ ಹಾಡುಗಳ ಪಟ್ಟಿ ಪ್ರಕಟಿಸುತ್ತದೆ. ಅದರ ಮೊದಲ 40 ಸ್ಥಾನಗಳೊಳಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಬಂದವರನ್ನು ಈ ಹೆಸರಿನಿಂದ ಕರೆಯುವುದು ಅಲ್ಲಿನ ರೂಢಿ. ಅಳತೆಗೋಲು ಖಚಿತವಾಗಿ ಕಂಡರೂ ಅದರ ವಕ್ರಗಳು ವಿಚಿತ್ರವಾಗಿವೆ. 1998ರ ಡಿಸೆಂಬರಿನವರೆಗೆ, ಬಿಡಿಹಾಡಾಗಿ ಅಂಗಡಿಯಲ್ಲಿ ಮಾರಾಟಕ್ಕೆ ಬಾರದ ಹಾಡಿಗೆ ಆ ಪಟ್ಟಿಯೊಳಗೆ ಪ್ರವೇಶವೇ ಇರಲಿಲ್ಲ. ಹಾಗಾಗಿ ನಟಾಲಿ ಇಂಬ್ರೂಲಿಯಾ ಹಾಡಿದ ‘ಟಾರ್ನ್’ 1998ರಲ್ಲಿ ಅಮೆರಿಕದ ರೇಡಿಯೊ ಪ್ರಸಾರದ ಪಟ್ಟಿಯಲ್ಲಿ 11 ವಾರ ಮೊದಲ ಸ್ಥಾನದಲ್ಲಿದ್ದರೂ, ನಿಯಮ ಬದಲಾದ ಮೇಲೆ ಮುಖ್ಯ ಪಟ್ಟಿಯಲ್ಲಿ ಅದಕ್ಕೆ ಸಿಕ್ಕ ಅತ್ಯುನ್ನತ ಸ್ಥಾನ 42 ಮಾತ್ರ. ಬೀದಿಬೀದಿಯಲ್ಲಿ ಕೇಳಿಸಿದ ಹಾಡು ಲೆಕ್ಕದ ಪುಸ್ತಕದ ಪ್ರಕಾರ ದೊಡ್ಡ ಗೆಲುವೇ ಅಲ್ಲ.

ನಮ್ಮಲ್ಲಿ ಅಂಥ ಪಟ್ಟಿಯೂ ಇರಲಿಲ್ಲ, ಇದ್ದಿದ್ದರೂ ಮಲೆನಾಡಿನ ಕಿವಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ನಿಮ್ಮ ಡಬ್ಬಿಯಲ್ಲಿರುವ ಗಾಯಕರೆಲ್ಲ ಒಂದೊಂದೇ ಹಾಡಿನವರಾಗಿ ಕಾಣುವುದಕ್ಕೆ ಅರ್ಧಕ್ಕಿಂತ ಹೆಚ್ಚು ಕಾರಣ, ಆ ಹಾಡುಗಳು ನಿಮ್ಮ ಮನೆಗೆ ಬಂದ ದಾರಿ. ಇದನ್ನು ನಾನು ತಿಳಿದೇ ಹೇಳುತ್ತಿದ್ದೇನೆ. ಏಕೆಂದರೆ 1993ರಿಂದ ಕೆಲವು ವರ್ಷ ಶಿವಮೊಗ್ಗದ ದುರ್ಗಿಗುಡಿಯ ಒಂದು ರೆಕಾರ್ಡಿಂಗ್ ಅಂಗಡಿಯಲ್ಲಿ ಸಂಜೆ ಹೊತ್ತು ಕ್ಯಾಸೆಟ್ ತುಂಬುವ ಕೆಲಸ ಮಾಡಿದವನು ನಾನು. ನಿಮ್ಮ 14ರಲ್ಲಿ ಒಂದೆರಡು ನನ್ನ ಕೈಯಿಂದಲೇ ಹೋಗಿದ್ದರೂ ಆಶ್ಚರ್ಯವಿಲ್ಲ. ಆ ವ್ಯವಹಾರ ಕಾನೂನಿನ ಪ್ರಕಾರ ಸರಿಯಿರಲಿಲ್ಲ ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಹೆಸರು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಯಾರೂ ಎತ್ತುತ್ತಿರಲಿಲ್ಲ.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಕೌಂಟರಿನ ಮೇಲೆ ದಪ್ಪ ರೂಲು ಪುಸ್ತಕವೊಂದು ಇರುತ್ತಿತ್ತು. ಅದರಲ್ಲಿ ಹಾಡುಗಳಿಗೆ ನಂಬರು. ಗಿರಾಕಿಗಳು ಚೀಟಿಯಲ್ಲಿ ನಂಬರು ಬರೆದು, ಖಾಲಿ ಕ್ಯಾಸೆಟ್ಟಿನ ದುಡ್ಡು ಕೊಟ್ಟು, ಸಾಗರ, ಹೊಸನಗರ ಅಥವಾ ತೀರ್ಥಹಳ್ಳಿಯ ಬಸ್ಸು ಹಿಡಿಯುತ್ತಿದ್ದರು. ಮುಂದಿನ ವಾರ ಪೇಟೆಗೆ ಬಂದಾಗ ತುಂಬಿದ ಕ್ಯಾಸೆಟ್ಟು ಒಯ್ಯುತ್ತಿದ್ದರು. ಕಾಲೇಜು ಹುಡುಗರು ಹೆಚ್ಚಾಗಿ ಕೊಳ್ಳುತ್ತಿದ್ದದ್ದು 90 ನಿಮಿಷದ್ದು, ಅಂದರೆ ಒಂದೊಂದು ಬದಿಗೆ 45 ನಿಮಿಷ. ಸರಾಸರಿ ನಾಲ್ಕೂವರೆ ನಿಮಿಷದಂತೆ ಹತ್ತು ಹಾಡು ಹಿಡಿಯುತ್ತಿದ್ದವು. ಹತ್ತು ಹಾಡಿಗೆ ಹತ್ತು ಗಾಯಕರನ್ನು ಆರಿಸಿಕೊಳ್ಳುವುದೇ ಆ ಕಾಲದ ಜಾಣತನ. ಇಂಗ್ಲಿಷ್ ಕ್ಯಾಸೆಟ್ಟುಗಳು ಕನ್ನಡ ಚಿತ್ರಗೀತೆಯವಕ್ಕಿಂತ ದುಬಾರಿ. ಒಬ್ಬನ ಹತ್ತು ಹಾಡಿಗಾಗಿ ಪೂರ್ತಿ ಕ್ಯಾಸೆಟ್ಟು ಕೊಳ್ಳುವವರು ಇಡೀ ಊರಿಗೆ ಬೆರಳೆಣಿಕೆಯಷ್ಟು. ನಮ್ಮ ಅಂಗಡಿಯಲ್ಲೂ ಒಂದೇ ಅಸಲು ಪ್ರತಿ ಇರುತ್ತಿತ್ತು, ಅದರಿಂದ ಒಂದೇ ಹಾಡು ನಂಬರಿನ ಪುಸ್ತಕಕ್ಕೆ ಏರುತ್ತಿತ್ತು. ಉಳಿದ ಒಂಬತ್ತು ಹಾಡುಗಳನ್ನು ಕೇಳಿದವರು ಅಂಗಡಿಯ ಯಜಮಾನರೂ ನಾನೂ ಮಾತ್ರ.

ಇನ್ನೊಂದು ಗುಟ್ಟೂ ಇದೆ. ಚೀಟಿಯ ಹಾಡುಗಳೆಲ್ಲ ತುಂಬಿದ ಮೇಲೆ ಬದಿಯ ಕೊನೆಯಲ್ಲಿ ಎರಡು ಮೂರು ನಿಮಿಷ ಟೇಪು ಮಿಕ್ಕುತ್ತಿತ್ತು. ಖಾಲಿ ಬಿಟ್ಟರೆ ಗಿರಾಕಿ ಬೈಯುತ್ತಾನೆ. ಹಾಗಾಗಿ ಚಿಕ್ಕದೂ ಗಲಾಟೆಯದೂ ಆದ ಒಂದು ಹಾಡನ್ನು ಅಲ್ಲಿಗೆ ತುರುಕುತ್ತಿದ್ದೆವು. ಯಾರೂ ಕೇಳದಿದ್ದ ಆ ಹಾಡು ಅದೇ ತಿಂಗಳು ಐವತ್ತು ಮನೆಗಳ ಅಡಿಕೆ ಸುಲಿಯುವ ಅಂಗಳಕ್ಕೆ ತಲುಪಿಬಿಡುತ್ತಿತ್ತು. ರಾತ್ರಿ ಹತ್ತು ಗಂಟೆಗೆ ಮೆಟ್ಟುಗತ್ತಿಯ ಮುಂದೆ ಕೂತವರಿಗೆ ನಿದ್ದೆ ಬಾರದಂತೆ ನೋಡಿಕೊಳ್ಳುವುದಷ್ಟೇ ಅಲ್ಲಿ ಹಾಡಿನ ಕೆಲಸ. ಹಾಡಿದವರು ಯಾರೆಂದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಭದ್ರಾವತಿ ಆಕಾಶವಾಣಿಯಲ್ಲಿ ಹಾಡಿಗೆ ಮೊದಲು ಗಾಯಕರ ಹೆಸರು ಹೇಳುತ್ತಿದ್ದರು. ತುಂಬಿಸಿದ ಕ್ಯಾಸೆಟ್ಟಿಗೆ ಆ ಸೌಜನ್ಯವಿರಲಿಲ್ಲ.

ಈಗ ‘ಮಕರೇನಾ’ಕ್ಕೆ ಬರೋಣ, ನಿಮ್ಮ ನೆನಪು ಸರಿಯಾಗಿದೆ. ಅದನ್ನು ಹಾಡಿದ ಲೊಸ್ ಡೆಲ್ ರಿಯೊ ಎಂಬ ಜೋಡಿಯ ಹೆಸರು ಆಂಟೊನಿಯೊ ರೊಮೇರೊ ಮತ್ತು ರಫಾಯೆಲ್ ರುಯಿಸ್. ಸ್ಪೇನ್ ದೇಶದ ಸೆವಿಲ್ ನಗರದ ಪಕ್ಕದ ಡೋಸ್ ಎರ್ಮಾನಾಸ್ ಎಂಬ ಊರಿನವರು. ಇವರಿಬ್ಬರೂ ಜೊತೆಯಾಗಿ ಹಾಡಲು ತೊಡಗಿದ್ದು 1962ರಲ್ಲಿ. ಅಂದರೆ ಜಗತ್ತಿಗೆ ಇವರ ಹೆಸರು ತಿಳಿಯುವ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಹಾಡಿ, ಐವತ್ತರ ಅಂಚಿಗೆ ಬಂದ ಕೋಟುಧಾರಿ ಗೃಹಸ್ಥರು ಅವರು. ಸೆವಿಲ್ ನಗರವನ್ನು ಕೊಂಡಾಡುವ ಅವರ ಇನ್ನೊಂದು ಹಾಡು ಇವತ್ತಿಗೂ ಆ ಸೀಮೆಯ ಜಾತ್ರೆ ಮದುವೆಗಳಲ್ಲಿ ತಪ್ಪದು. 1992ರಲ್ಲಿ ವೆನೆಜುವೆಲಾಕ್ಕೆ ಹೋಗಿದ್ದಾಗ ಒಂದು ಔತಣದಲ್ಲಿ ಅಲ್ಲಿನ ಫ್ಲಮೆಂಕೊ ನರ್ತಕಿಯೊಬ್ಬರ ಕುಣಿತ ನೋಡಿ ರೊಮೇರೊ ಬಾಯಿಗೆ ಬಂದ ಎರಡು ಸಾಲೇ ಹಾಡಿನ ಬೀಜ. ಮಕರೇನಾ ಎಂಬುದು ಸೆವಿಲ್‌ನ ಒಂದು ಬಡಾವಣೆಯ ಹೆಸರು, ಅಲ್ಲಿನ ಮೇರಿಮಾತೆಯ ಹೆಸರು, ರೊಮೇರೊ ಅವರ ಮಗಳ ಹೆಸರಿನ ಭಾಗವೂ ಹೌದು.

1993ರಲ್ಲಿ ಬಂದ ಮೂಲ ರೂಪದಲ್ಲಿ ಇಬ್ಬರು ಗಂಡಸರ ದನಿ, ಗಿಟಾರು ಮತ್ತು ಚಪ್ಪಾಳೆ ಮುಖ್ಯ. ಅಮೆರಿಕದ ಮಯಾಮಿಯ ಬೇಸೈಡ್ ಬಾಯ್ಸ್ ಎಂಬವರು ಇದಕ್ಕೆ ಡಿಸ್ಕೊ ಬಡಿತ ಸೇರಿಸಿ, ಹೆಣ್ಣು ದನಿಯಲ್ಲಿ ಇಂಗ್ಲಿಷ್ ಚರಣಗಳನ್ನು ಹೊಲಿದರು. ಆ ರೂಪ 1996ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ 14 ವಾರ ಕೂತಿತು. ನಿಮ್ಮಲ್ಲಿರುವ ಎರಡನ್ನು ಗುರುತಿಸಲು ಒಂದು ಸುಲಭ ಉಪಾಯ: ನಡುವೆ ಹೆಂಗಸೊಬ್ಬರು ತುಂಟತನದಿಂದ ನಗುವ ಸದ್ದು ಬಂದರೆ ಅದು ಮಯಾಮಿಯ ರೂಪ. ಆ ನಗುವೂ ಅವರದಲ್ಲ. ಯಾಜೂ ಎಂಬ ಇಂಗ್ಲಿಷ್ ಜೋಡಿಯ 1982ರ ಹಾಡೊಂದರಲ್ಲಿ ಗಾಯಕಿ ಆಲಿಸನ್ ಮೊಯೆ ನಕ್ಕದ್ದನ್ನು ಕತ್ತರಿಸಿ ತಂದು ಅಂಟಿಸಿದ್ದು. ಆಗ ನಕ್ಕ ನಗು ಹದಿನಾಲ್ಕು ವರ್ಷದ ಮೇಲೆ ಯಾವುದೋ ಅಡಿಕೆ ಅಂಗಳದಲ್ಲಿ ಕೇಳಿಸಿದ್ದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಬಾಬಾ ಸೆಹಗಲ್ ಅವರ ‘ಥಂಡಾ ಥಂಡಾ ಪಾನಿ’ಯ ಕಥೆಯೂ ಇಂಥದೇ ಹೊಲಿಗೆಯದು. ಅದರ ಅಡಿಯಲ್ಲಿ ಓಡುವ ಬೇಸ್ ಗಿಟಾರಿನ ಸಾಲನ್ನು 1981ರಲ್ಲಿ ಕ್ವೀನ್ ತಂಡ ಮತ್ತು ಡೇವಿಡ್ ಬೋವಿ ತಮ್ಮ ‘ಅಂಡರ್ ಪ್ರೆಶರ್’ ಹಾಡಿಗೆ ನುಡಿಸಿದ್ದರು. 1990ರಲ್ಲಿ ವನಿಲಾ ಐಸ್ ಎಂಬ ಅಮೆರಿಕದ ಗಾಯಕ ಅದನ್ನೆತ್ತಿ ‘ಐಸ್ ಐಸ್ ಬೇಬಿ’ ಮಾಡಿದರು; ಬಿಲ್‌ಬೋರ್ಡ್ ಪಟ್ಟಿಯ ತುದಿ ಮುಟ್ಟಿದ ಮೊದಲ ರ‍್ಯಾಪ್ ಹಾಡು ಅದು. 1992ರಲ್ಲಿ ಬಾಬಾ ಸೆಹಗಲ್ ಅದೇ ಮಂಜನ್ನು ಕರಗಿಸಿ ಹಿಂದಿಯಲ್ಲಿ ತಣ್ಣೀರು ಮಾಡಿದರು. ಇಬ್ಬರನ್ನೂ ಒಂದೇ ಹಾಡಿನವರೆಂದು ಗೇಲಿ ಮಾಡುವುದು ವಾಡಿಕೆ. ಆದರೆ ವನಿಲಾ ಐಸ್ ಅವರ ಇನ್ನೊಂದು ಹಾಡು ಅದೇ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದಿತ್ತು. ಬಾಬಾ ಸೆಹಗಲ್ ದೂರದರ್ಶನದ ‘ಸೂಪರ್‌ಹಿಟ್ ಮುಕಾಬಲಾ’ ನಡೆಸಿಕೊಟ್ಟರು, ಸಿನಿಮಾಗಳಲ್ಲಿ ಹಾಡಿದರು, ಇಂದಿಗೂ ಹಾಡುತ್ತಲೇ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ ಆ ಹಾಡು ಸಂಗೀತವಾಗಿ ತೀರಾ ಸಾಮಾನ್ಯ. ಹಿಂದಿಯಲ್ಲಿ ಲಯಕ್ಕೆ ತಕ್ಕಂತೆ ಬಡಬಡಿಸಬಹುದೆಂದು ತೋರಿಸಿದ ಧೈರ್ಯಕ್ಕೆ ಮಾತ್ರ ಅದಕ್ಕೆ ಒಂದು ಜಾಗ ಸಲ್ಲಬೇಕು.

ಅಲಿಶಾ ಚಿನಾಯ್ ಅವರನ್ನು ಈ ಸಾಲಿನಿಂದ ನಿಸ್ಸಂಕೋಚವಾಗಿ ತೆಗೆದುಬಿಡಿ. 1987ರ ‘ಮಿಸ್ಟರ್ ಇಂಡಿಯಾ’ದಲ್ಲಿ ಕಿಶೋರ್ ಕುಮಾರರ ಜೊತೆ ಹಾಡಿದವರೂ ಅವರೇ, 2005ರ ‘ಕಜರಾ ರೇ’ಗೆ ಫಿಲ್ಮ್‌ಫೇರ್ ಪಡೆದವರೂ ಅವರೇ. ಆದರೆ 1995ರ ಅವರ ‘ಮೇಡ್ ಇನ್ ಇಂಡಿಯಾ’ಕ್ಕೆ ಸಂಗೀತ ಕೊಟ್ಟ ಬಿದ್ದು ಅವರ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ. ಕೊಡಗಿನ ಮನೆತನ, ಬೆಂಗಳೂರಿನಲ್ಲಿ ಗಿಟಾರು ಹಿಡಿದು ಬೆಳೆದು ಇಂಗ್ಲೆಂಡಿಗೆ ಹೋದವರು. 1974ರಲ್ಲಿ ಅವರು ಕಾರ್ಲ್ ಡಗ್ಲಸ್ ಎಂಬ ಜಮೈಕಾ ಮೂಲದ ಗಾಯಕನಿಂದ ಒಂದು ಹಾಡು ಹಾಡಿಸಿ, ಗ್ರಾಮಫೋನ್ ತಟ್ಟೆಯ ಹಿಂಬದಿಗೆ ಇನ್ನೊಂದು ಹಾಡು ಬೇಕಲ್ಲ ಎಂದು ಉಳಿದ ಅಲ್ಪ ಸಮಯದಲ್ಲಿ ‘ಕುಂಗ್ ಫೂ ಫೈಟಿಂಗ್’ ಮುಗಿಸಿದರು. ಕಂಪನಿಯವರು ಕೇಳಿ, ಹಿಂದಿನದನ್ನು ಮುಂದಕ್ಕೆ ತಂದರು. ಅದು ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. ಡಗ್ಲಸ್ ಅವರ ಇನ್ನಾವ ಹಾಡೂ ಅಮೆರಿಕದ ಮೊದಲ 40ರೊಳಗೆ ಬರಲಿಲ್ಲ. ಒಂದೇ ಹಾಡಿನ ಗಾಯಕ ಎಂದಾಗ ಲೋಕವೆಲ್ಲ ಉದಾಹರಿಸುವ ಆ ಹಾಡಿನ ಹಿಂದೆ ಒಬ್ಬ ಕೊಡವರ ಕೈಯಿದೆ. ಆ ಕೈ ಮಾತ್ರ 1980ರಲ್ಲಿ ‘ಆಪ್ ಜೈಸಾ ಕೋಯಿ’, 1981ರಲ್ಲಿ ‘ಡಿಸ್ಕೊ ದೀವಾನೆ’, 1995ರಲ್ಲಿ ‘ಮೇಡ್ ಇನ್ ಇಂಡಿಯಾ’ ಎಂದು ಮತ್ತೆ ಮತ್ತೆ ಗೆದ್ದಿತು. ‘ಐಸ್ ಐಸ್ ಬೇಬಿ’ಯೂ ಮೊದಲಿಗೆ ಹಿಂಬದಿಯ ಹಾಡಾಗಿಯೇ ಹೊರಬಂದದ್ದು.

ಗಾಯಕರಾಗಿ ಮರೆಯಾಗಿ ಬೇರೆ ರೂಪದಲ್ಲಿ ಉಳಿದವರೂ ಇದ್ದಾರೆ. ನಿಮ್ಮ ಡಬ್ಬಿಯಲ್ಲಿ ಫೋರ್ ನಾನ್ ಬ್ಲಾಂಡ್ಸ್ ತಂಡದ ‘ವಾಟ್ಸ್ ಅಪ್’ ಇದ್ದೀತು. ಕಾಲೇಜು ಹುಡುಗರ ಚೀಟಿಗಳಲ್ಲಿ ಆ ನಂಬರು ತಪ್ಪುತ್ತಿರಲಿಲ್ಲ. ಆ ತಂಡ ಒಂದೇ ಆಲ್ಬಮ್ಮಿಗೆ ಚದುರಿತು. ಆದರೆ ಅದರಲ್ಲಿ ಗಂಟಲು ಹರಿಯುವಂತೆ ಕೂಗಿ ಹಾಡಿದ ಲಿಂಡಾ ಪೆರಿ, ಪಿಂಕ್ ಎಂಬ ಗಾಯಕಿ ಹಾಡಿದ ‘ಗೆಟ್ ದ ಪಾರ್ಟಿ ಸ್ಟಾರ್ಟೆಡ್’, ಕ್ರಿಸ್ಟಿನಾ ಅಗಿಲೇರಾ ಹಾಡಿದ ‘ಬ್ಯೂಟಿಫುಲ್’ ಬರೆದು, ಮುಂದೆ ನಿಂತವರಿಗಿಂತ ಹೆಚ್ಚು ಹೆಸರು ಮಾಡಿದರು. 1998ರ ‘ಯು ಗೆಟ್ ವಾಟ್ ಯು ಗಿವ್’ ಹಾಡಿನ ನ್ಯೂ ರ‍್ಯಾಡಿಕಲ್ಸ್ ತಂಡವನ್ನು ಗ್ರೆಗ್ ಅಲೆಕ್ಸಾಂಡರ್ ಮರುವರ್ಷವೇ, ಎರಡನೆಯ ಹಾಡು ಹೊರಬರುವ ಮೊದಲೇ, ಕೈಯಾರೆ ಮುಚ್ಚಿದರು. 2002ರಲ್ಲಿ ಅವರು ಜೊತೆಗೂಡಿ ಬರೆದ ಹಾಡಿಗೆ ಸಂತಾನಾ ತಂಡ ಗ್ರ್ಯಾಮಿ ಪಡೆಯಿತು. 1997ರ ‘ಟಬ್‌ಥಂಪಿಂಗ್’ ಹಾಡಿದ ಚುಂಬವಾಂಬಾ ಹದಿನೈದು ವರ್ಷ ಹಳೆಯ, ಸರ್ಕಾರವೇ ಬೇಡವೆನ್ನುವ ರಾಜಕೀಯದ ತಂಡ. ಅವರಿಗೆ ಆ ಹಾಡು ದಾರಿಯಲ್ಲಿ ಸಿಕ್ಕಿದ ಒಂದು ಊರು, ಅಷ್ಟೆ. ನಮ್ಮ ದೇಶದಲ್ಲಿ ಸಿಲ್ಕ್ ರೂಟ್ ತಂಡದ ‘ಡೂಬಾ ಡೂಬಾ’ ಬಂದದ್ದು 1998ರಲ್ಲಿ. ತಂಡ ಹೆಚ್ಚು ಕಾಲ ಉಳಿಯಲಿಲ್ಲ. ಅದರ ಗಾಯಕ, ಹಿಮಾಚಲದ ಗುಡ್ಡಗಾಡಿನ ಮೋಹಿತ್ ಚೌಹಾಣ್, ಸುಮಾರು ಒಂಬತ್ತು ವರ್ಷದ ಮೇಲೆ ‘ಜಬ್ ವಿ ಮೆಟ್’ ಚಿತ್ರದ ‘ತುಮ್ ಸೇ ಹೀ’ ಹಾಡಿದಾಗ, ಅದೇ ದನಿಯೆಂದು ಗುರುತು ಹಿಡಿದವರು ಎಷ್ಟು ಜನ?

ಹಾಗಾದರೆ ನಿಜಕ್ಕೂ ಒಂದೇ ಹಾಡಿಗೆ ನಿಂತವರು ಇಲ್ಲವೆ? ಇದ್ದಾರೆ, ಅದರಲ್ಲೂ ಹಿಂದಿ ಪಾಪ್‌ನಲ್ಲಿ. ಅದಕ್ಕೆ ಕಾರಣ ಗಂಟಲಲ್ಲ, ಪೇಟೆ. 1991ರಲ್ಲಿ ಸ್ಟಾರ್ ಟಿವಿಯ ಜೊತೆ ಬಂದ ಎಂಟಿವಿ, 1994ರಲ್ಲಿ ಚಾನೆಲ್ ವಿ, 1996ರಲ್ಲಿ ಮರಳಿ ತಾನೇ ಬಂದ ಎಂಟಿವಿ, ಇವಕ್ಕೆಲ್ಲ ತೋರಿಸಲು ಸಿನಿಮಾದ ಹೊರಗಿನ ಹಾಡು ಬೇಕಿತ್ತು. ಕಂಪನಿಗಳು ಒಂದು ಹಾಡಿಗೆ ಚಿತ್ರೀಕರಣದ ದುಡ್ಡು ಸುರಿದವು. ಉಳಿದ ಏಳೆಂಟು ಹಾಡು ಕ್ಯಾಸೆಟ್ಟು ತುಂಬಲಿಕ್ಕೆ. ದಶಕ ಕಳೆಯುವ ಹೊತ್ತಿಗೆ ವಾಹಿನಿಗಳು ಮತ್ತೆ ಸಿನಿಮಾ ಹಾಡಿನ ಕಡೆ ವಾಲಿದವು, ಎಂಪಿ3 ತಟ್ಟೆಗಳು ಕ್ಯಾಸೆಟ್ಟಿನ ವ್ಯಾಪಾರ ಕೆಡಿಸಿದವು. ಎರಡನೆಯ ಹಾಡಿಗೆ ದುಡ್ಡು ಹಾಕುವವರೇ ಇಲ್ಲದಾಗ ಗಾಯಕಿ ಎಲ್ಲಿಂದ ಹಾಡಬೇಕು?

ಕನ್ನಡದಲ್ಲಿ ಈ ಬೆಳೆ ಅಷ್ಟಾಗಿ ಬೆಳೆಯಲಿಲ್ಲ. ಸಿನಿಮಾ ಹಾಡುಗಳು ಕೆಲವೇ ದನಿಗಳಲ್ಲಿ ಹಂಚಿಹೋಗಿದ್ದವು. ಸಿನಿಮಾದ ಹೊರಗೆ ಕ್ಯಾಸೆಟ್ಟೆಂದರೆ ಭಾವಗೀತೆ, ಭಕ್ತಿಗೀತೆ, ಜನಪದಗೀತೆ. ‘ನಿತ್ಯೋತ್ಸವ’ ಕ್ಯಾಸೆಟ್ಟಿನಿಂದ ಆರಂಭವಾದ ಆ ಪರಂಪರೆಯಲ್ಲಿ ಮೊದಲು ನಿಲ್ಲುತ್ತಿದ್ದದ್ದು ಕವಿಯ ಹೆಸರು. 1996ರ ‘ಜನುಮದ ಜೋಡಿ’ಯಲ್ಲಿ ‘ಕೋಲುಮಂಡೆ ಜಂಗಮದೇವರು’ ಹಾಡಿದ ಎಲ್.ಎನ್. ಶಾಸ್ತ್ರಿಗಳನ್ನು ಜನ ಆ ಒಂದು ಹಾಡಿನಿಂದ ಗುರುತಿಸುತ್ತಾರೆ ನಿಜ. ಆದರೆ ಅವರು ಬೇರೆ ಚಿತ್ರಗಳಿಗೂ ಹಾಡಿದರು, ಸಂಗೀತ ನಿರ್ದೇಶನವನ್ನೂ ಮಾಡಿದರು, 2017ರಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಮಗನ ವಾದ. ಅವನು ತಪ್ಪು ಹೇಳುತ್ತಿಲ್ಲ, ಅವನು ನೋಡುತ್ತಿರುವ ಪಟ್ಟಿ ಚಿಕ್ಕದು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರಕ್ಕೆ ಹಾಡಿದ ‘ಕಾಡು ಕುದುರೆ ಓಡಿ ಬಂದಿತ್ತಾ’ ಹಾಡಿಗೆ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು. ದೆಹಲಿಯ ಪ್ರಶಸ್ತಿ ಪಟ್ಟಿ ತೆರೆದು ನೋಡುವವರಿಗೆ ಅಲ್ಲಿ ಒಂದು ಹೆಸರು, ಎದುರಿಗೆ ಒಂದು ಹಾಡು ಕಾಣುತ್ತದೆ, ಮುಂದೆ ಖಾಲಿ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಹುಟ್ಟಿ, ವಕೀಲಿಕೆ ಮಾಡುತ್ತಲೇ ಹಾಡಿ, ಆಕಾಶವಾಣಿಯಲ್ಲಿ, ಸುಗಮ ಸಂಗೀತದ ವೇದಿಕೆಗಳಲ್ಲಿ, ಕುವೆಂಪು ಅವರ ‘ಬಾರಿಸು ಕನ್ನಡ ಡಿಂಡಿಮವ’ದಿಂದ ಶರೀಫರ ತತ್ತ್ವಪದಗಳವರೆಗೆ 2022ರಲ್ಲಿ ಕಣ್ಮುಚ್ಚುವ ತನಕ ಮನೆಮಾತಾಗಿದ್ದ ಗಾಯಕರು ಆ ಪಟ್ಟಿಗೆ ಕಾಣುವುದಿಲ್ಲ. ಡೋಸ್ ಎರ್ಮಾನಾಸ್‌ನ ಯಾರಾದರೂ ಲೊಸ್ ಡೆಲ್ ರಿಯೊ ಬಗ್ಗೆ ನಮ್ಮ ಮಾತು ಕೇಳಿಸಿಕೊಂಡರೆ, ನೀವು ಮಗನ ಮಾತಿಗೆ ಸಿಡುಕಿದ ಹಾಗೆಯೇ ಅವರೂ ಸಿಡುಕಿಯಾರು. ಮಗನಿಗೆ ಇಷ್ಟು ಹೇಳಿ ನೋಡಿ.

ಈಗ ಬೂಷ್ಟಿನ ವಿಚಾರ. ಕ್ಯಾಸೆಟ್ಟಿನ ಟೇಪು 4 ಮಿಲಿಮೀಟರಿಗಿಂತಲೂ ಕಿರಿದು, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ, ಟೇಪ್ ರೆಕಾರ್ಡರಿನಲ್ಲಿ ಹಾಡನ್ನು ಓದುವ ಹೆಡ್ಡಿಗೆ ಉಜ್ಜಿಕೊಂಡು ಓಡುತ್ತದೆ. ಬೂಷ್ಟು ಹಿಡಿದ ಒಂದನ್ನು ಹಾಕಿದರೆ ಆ ಪುಡಿ ಹೆಡ್ಡಿಗೂ ರಬ್ಬರ್ ಗಾಲಿಗೂ ಮೆತ್ತಿ, ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟುಗಳಿಗೆಲ್ಲ ಅಂಟುತ್ತದೆ. ಸುರುಳಿಯ ಪದರಗಳು ಒಂದಕ್ಕೊಂದು ಅಂಟಿದ್ದರೆ ಟೇಪು ಹರಿಯಲೂಬಹುದು. ಮೊದಲು ಒಳ್ಳೆಯವನ್ನೂ ಬೂಷ್ಟಿನವನ್ನೂ ಬೇರ್ಪಡಿಸಿ. ಮಳೆಗಾಲ ಮುಗಿಯಲಿ, ಬೂಷ್ಟಿನವನ್ನು ಕೆಲವು ದಿನ ನೆರಳಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು ಒಣಗಿಸಿ. ಬಿಸಿಲಿಗಾಗಲಿ ಒಲೆಯ ಮೇಲಿನ ಅಟ್ಟಕ್ಕಾಗಲಿ ಇಡಬೇಡಿ. ಬಿಸಿಗೆ ಟೇಪು ಸುಕ್ಕುತ್ತದೆ. ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಕೂತು, ಸುರುಳಿಯ ಅಂಚನ್ನು ಮೃದುವಾದ ಒಣ ಕುಂಚದಿಂದ ಒರೆಸಿ, ಪೆನ್ಸಿಲ್ ತೂರಿಸಿ ನಿಧಾನವಾಗಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸುತ್ತಿ. ಬಿಗಿ ಎನಿಸಿದರೆ ನಿಲ್ಲಿಸಿ. ಐದು ತಿರುಪಿನ ಕ್ಯಾಸೆಟ್ಟಾದರೆ ಬಿಚ್ಚಿ, ಎರಡು ಸುರುಳಿಗಳನ್ನೂ ಬೇರೆ ಒಳ್ಳೆಯ ಕವಚಕ್ಕೆ ಇಳಿಸಬಹುದು. ಒಂದೊಂದು ಕ್ಯಾಸೆಟ್ಟು ಕೇಳಿದ ಮೇಲೂ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ರಬ್ಬರ್ ಗಾಲಿಗೆ ಮಾತ್ರ ಅದು ಬೇಡ, ಸೋಪಿನ ನೀರು ಸಾಕು. ಕೇಳುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಏಕೆಂದರೆ ಎರಡನೆಯ ಸಲ ಓಡುವ ಭರವಸೆ ಇಲ್ಲ.

ಯಾವುದಾದರೂ ಬದಿಯ ಕೊನೆಯಲ್ಲಿ ನೀವು ಚೀಟಿಯಲ್ಲಿ ಬರೆಯದಿದ್ದ ಹಾಡೊಂದು ಶುರುವಾಗಿ ನಡುವೆಯೇ ಕಡಿದುಹೋದರೆ, ಟೇಪು ಹಾಳಾಗಿದೆಯೆಂದು ತಿಳಿಯಬೇಡಿ. ಅಲ್ಲಿಗೆ ಟೇಪು ಮುಗಿದಿತ್ತು. ಉಳಿದ ಭಾಗವನ್ನು ಇನ್ನೊಂದು ಬದಿಯಲ್ಲಿ ಹುಡುಕುವುದೂ ಬೇಡ, ನಾವು ತುಂಬಿರಲಿಲ್ಲ.